ಮನೆವಾರ್ತೆ: ತೊಳೆದಷ್ಟೂ ಕೆಡುವ ತೊಟ್ಟಿ



ಹುಟ್ಟುಹಬ್ಬಕ್ಕೋ, ಮೊದಲ ಪರಮಪ್ರಸಾದದ ಉಡುಗೊರೆಯಾಗಿಯೋ, ಬೇಸಿಗೆ ರಜೆಯಲ್ಲಿ ಮಕ್ಕಳು ಹಿಡಿದ ಹಟಕ್ಕೋ ನಮ್ಮ ಎಷ್ಟೋ ಮನೆಗಳಿಗೆ ಒಂದು ಗಾಜಿನ ತೊಟ್ಟಿ ಬಂದು ಸೇರುತ್ತದೆ. ಎರಡು ಗೋಲ್ಡ್ ಫಿಶ್, ನಾಲ್ಕು ಗಪ್ಪಿ, ಒಂದಿಷ್ಟು ಬಣ್ಣದ ಕಲ್ಲು, ಗುಳುಗುಳು ಸದ್ದು ಮಾಡುವ ಒಂದು ಫಿಲ್ಟರು. ಮೊದಲ ವಾರ ಮನೆಮಂದಿಯೆಲ್ಲ ತೊಟ್ಟಿಯ ಮುಂದೆಯೇ. ಎರಡನೆಯ ವಾರ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗುತ್ತದೆ. ಭಾನುವಾರ ಮಧ್ಯಾಹ್ನ ಹಿರಿಯರೊಬ್ಬರು ತೋಳು ಮಡಚಿಕೊಂಡು ಸ್ವಚ್ಛತೆಗೆ ಇಳಿಯುತ್ತಾರೆ. ಮೀನುಗಳು ಬಕೆಟ್ಟಿಗೆ, ಕಲ್ಲು, ಫಿಲ್ಟರು, ಅದರೊಳಗಿನ ಸ್ಪಂಜು ಎಲ್ಲವೂ ನಲ್ಲಿಯ ಕೆಳಗೆ. ಸೋಪು ಹಾಕಿ, ಹಿಂಡಿ, ಮತ್ತೆ ಹಿಂಡಿ, ಕಂದು ಬಣ್ಣ ಪೂರ್ತಿ ಹೋದ ಮೇಲೆಯೇ ಸಮಾಧಾನ. ತೊಟ್ಟಿ ಹೊಸದರಂತೆ ಹೊಳೆಯುತ್ತದೆ.

ಮೂರನೆಯ ದಿನ ಮೀನುಗಳು ನೀರಿನ ಮೇಲೆ ಬಂದು ಬಾಯಿಬಿಡುತ್ತವೆ. ವಾರ ಮುಗಿಯುವುದರೊಳಗೆ ಒಂದೊಂದೇ ತೇಲುತ್ತವೆ. ಮಗು ಅಳುತ್ತದೆ. "ಮೀನು ನಮ್ಮ ಮನೆಗೆ ಆಗಿಬರುವುದಿಲ್ಲ" ಎಂದು ಅಜ್ಜಿ ತೀರ್ಪು ಕೊಡುತ್ತಾರೆ. ಯಾರದೋ ದೃಷ್ಟಿ ತಾಗಿತು ಎನ್ನುವವರೂ ಉಂಟು. ಮನೆಗೆ ಬರಲಿದ್ದ ಕೆಡುಕನ್ನು ಮೀನು ತಾನು ಹೊತ್ತುಕೊಂಡು ಹೋಯಿತು ಎಂದು ಸಮಾಧಾನ ಹೇಳುವವರೂ ಉಂಟು. ಪೊಳ್ಳಾಚಿಯ ನಮ್ಮ ಬೀದಿಗಳಲ್ಲೂ, ಬೆಂಗಳೂರು, ಮೈಸೂರಿನ ನಿಮ್ಮ ಬಡಾವಣೆಗಳಲ್ಲೂ ಈ ಕಥೆ ಒಂದೇ.

ದೃಷ್ಟಿಯೂ ಇಲ್ಲ, ಕೆಡುಕೂ ಇಲ್ಲ. ಆ ಮೀನುಗಳನ್ನು ಕೊಂದದ್ದು ಅತಿಯಾದ ಶುಚಿತ್ವ. ಇದನ್ನು ಮೊದಲೇ ತಿಳಿದುಕೊಂಡರೆ ಮೀನೂ ಉಳಿಯುತ್ತದೆ, ಮಗುವಿನ ಮನಸ್ಸೂ ಮುರಿಯುವುದಿಲ್ಲ. ಆದ್ದರಿಂದ ಈ ತಿಂಗಳು ಫಿಲ್ಟರಿನ ಹೊಟ್ಟೆಯೊಳಗೆ ಇಣುಕಿ ನೋಡೋಣ. ಅದರೊಳಗೆ ತುಂಬುವ ಸ್ಪಂಜು, ಉಂಗುರ, ಇದ್ದಿಲು ಮುಂತಾದ ಸಾಮಗ್ರಿಯನ್ನು ಅಂಗಡಿಯವರು 'ಮೀಡಿಯಾ' ಎನ್ನುತ್ತಾರೆ. ಅದನ್ನು ಆರಿಸುವುದು ಹೇಗೆ, ತೊಳೆಯುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಕಣ್ಣಿಗೆ ಕಾಣದ ಮನೆಮಂದಿ

ಮೀನಿನ ದೇಹದಲ್ಲಿ ಉಂಟಾಗುವ ಹೊಲಸು ಅಮೋನಿಯಾ ರೂಪದಲ್ಲಿ ಹೆಚ್ಚಾಗಿ ಕಿವಿರುಗಳ ಮೂಲಕವೇ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಇವುಗಳಿಂದಲೂ ಅಮೋನಿಯಾ ಬರುತ್ತದೆ. ಹೊಳೆಯಲ್ಲಾದರೆ ಅದು ಹರಿದುಹೋಗುತ್ತದೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು ಸುಮಾರು 56 ಲೀಟರ್ ನೀರು. ಅಲ್ಲಿ ಅಮೋನಿಯಾ ಎಲ್ಲಿಗೆ ತಾನೇ ಹೋದೀತು? ಅಲ್ಲಿಯೇ ಕೂಡಿಕೊಂಡು ಕಿವಿರನ್ನು ಸುಡುತ್ತದೆ.

ಇಲ್ಲಿ ನಮ್ಮ ನೆರವಿಗೆ ಬರುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಬಳಗ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತ ಆಮ್ಲಜನಕವನ್ನು ಒಯ್ಯದಂತೆ ಮಾಡುತ್ತದೆ. ಇನ್ನೊಂದು ಬಳಗ ಆ ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೇಟ್ ಬಹಳ ಕಡಿಮೆ ಅಪಾಯಕಾರಿ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದರೆ ಅದು ಹಿಡಿತದಲ್ಲಿರುತ್ತದೆ. ತೊಟ್ಟಿಯಲ್ಲಿ ಜೀವಂತ ಗಿಡಗಳಿದ್ದರೆ ಅವೂ ಅದನ್ನು ಗೊಬ್ಬರವಾಗಿ ಬಳಸಿಕೊಳ್ಳುತ್ತವೆ.

ಈ ಕೆಲಸ ಎರಡು ಹಂತಗಳಲ್ಲಿ ಬೇರೆ ಬೇರೆ ಸೂಕ್ಷ್ಮಜೀವಿಗಳಿಂದ ನಡೆಯುತ್ತದೆ ಎಂಬುದನ್ನು 1890ರ ಸುಮಾರಿಗೆ ತೋರಿಸಿಕೊಟ್ಟವರು ಸೆರ್ಗೆಯ್ ವಿನೊಗ್ರಾದ್ಸ್ಕಿ ಎಂಬ ರಷ್ಯಾದ ವಿಜ್ಞಾನಿ. ಅವರು ಪರೀಕ್ಷಿಸಿದ್ದು ಮಣ್ಣನ್ನು. ತೊಟ್ಟಿಯ ನೀರಿನಲ್ಲೂ ಅದೇ ಜೀವಿಗಳಿವೆ ಎಂದು ನೂರು ವರ್ಷ ನಂಬಿದ್ದಾಯಿತು. 1998ರಲ್ಲಿ ಅಮೆರಿಕದ ಸಂಶೋಧಕರು ಅಕ್ವೇರಿಯಂ ಫಿಲ್ಟರುಗಳನ್ನೇ ಪರೀಕ್ಷಿಸಿದಾಗ ಎರಡನೆಯ ಹಂತದ ಕೆಲಸ ಮಾಡುತ್ತಿದ್ದದ್ದು ನೈಟ್ರೋಸ್ಪೈರಾ ಎಂಬ ಬೇರೆಯೇ ಬಳಗ ಎಂದು ತಿಳಿಯಿತು. 2015ರಲ್ಲಿ ಇನ್ನೂ ದೊಡ್ಡ ಅಚ್ಚರಿ: ಎರಡೂ ಹಂತಗಳನ್ನು ಒಂಟಿಯಾಗಿಯೇ ಮಾಡಿ ಮುಗಿಸಬಲ್ಲ ನೈಟ್ರೋಸ್ಪೈರಾಗಳೂ ಇವೆ ಎಂದು ಎರಡು ತಂಡಗಳು ಪ್ರಕಟಿಸಿದವು. ನೆದರ್ಲೆಂಡ್ಸಿನ ತಂಡಕ್ಕೆ ಅವು ಸಿಕ್ಕಿದ್ದು ಎಲ್ಲಿ ಗೊತ್ತೇ? ಮೀನು ಸಾಕುವ ತೊಟ್ಟಿಗಳ ನೀರು ಶುದ್ಧಮಾಡುವ ಫಿಲ್ಟರಿನಲ್ಲಿ!

ಈ ಜೀವಿಗಳ ಎರಡು ಗುಣಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಒಂದು, ಇವು ಹೆಚ್ಚಾಗಿ ನೀರಿನಲ್ಲಿ ಈಜುತ್ತಾ ಇರುವುದಿಲ್ಲ. ಯಾವುದಾದರೂ ಮೇಲ್ಮೈಗೆ ಅಂಟಿ, ಲೋಳೆಯ ಪದರ ಕಟ್ಟಿಕೊಂಡು ಬಾಳುತ್ತವೆ. ಸ್ಪಂಜಿನ ಆ ಕಂದು ಜಾರಿಕೆಯಲ್ಲಿ ಅವುಗಳ ವಾಸ. ಎರಡು, ಇವು ಬಹಳ ನಿಧಾನವಾಗಿ ವೃದ್ಧಿಯಾಗುತ್ತವೆ. ಹಾಲು ಕೆಡಿಸುವ ಬ್ಯಾಕ್ಟೀರಿಯಾಗಳು ಒಂದು ಗಂಟೆಯೊಳಗೆ ಎರಡರಷ್ಟಾಗಬಲ್ಲವು. ಇವುಗಳಿಗೆ ಹೆಚ್ಚುಕಡಿಮೆ ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಹೊಸ ತೊಟ್ಟಿಯಲ್ಲಿ ಈ ಬಳಗ ನೆಲೆಯೂರಲು 4ರಿಂದ 6 ವಾರ ಹಿಡಿಯುತ್ತದೆ. ಸೋಪು ಮತ್ತು ಕ್ಲೋರಿನ್ ನೀರು ಹಾಕಿ ಸ್ಪಂಜನ್ನು ಬಿಳಿಯಾಗಿಸಿದಾಗ ಆ ವಾರಗಳ ಲೆಕ್ಕ ಮತ್ತೆ ಮೊದಲಿನಿಂದ ಶುರು. ಮೀನು ಮಾತ್ರ ಅಷ್ಟು ದಿನ ಕಾಯಲಾರದು.

ಮೊಸರಿಗೆ ಹೆಪ್ಪು ಬೇಕಾಗುವಂತೆ ಇದಕ್ಕೂ ಹೆಪ್ಪುಂಟು. ಆರೋಗ್ಯವಾಗಿರುವ ಹಳೆಯ ತೊಟ್ಟಿಯೊಂದು ನೆಂಟರ ಮನೆಯಲ್ಲಿದ್ದರೆ, ಅಲ್ಲಿನ ಸ್ಪಂಜಿನ ಒಂದು ತುಂಡನ್ನು ಒಣಗಲು ಬಿಡದೆ, ತೊಟ್ಟಿಯ ನೀರಿನಲ್ಲೇ ತಂದು ನಿಮ್ಮ ಫಿಲ್ಟರಿನಲ್ಲಿಡಿ. ಕಾಯುವ ದಿನಗಳು ಬಹಳ ಕಡಿಮೆಯಾಗುತ್ತವೆ. ಹೆಪ್ಪು ಸಿಗದಿದ್ದರೆ ಮೊದಲ ತಿಂಗಳು ಎರಡೇ ಸಣ್ಣ ಮೀನು, ಚಿಟಿಕೆ ಆಹಾರ, ಆಗಾಗ ಸ್ವಲ್ಪ ನೀರು ಬದಲಾವಣೆ. ಇಷ್ಟು ತಾಳ್ಮೆ ಸಾಕು.

ಫಿಲ್ಟರಿನೊಳಗೆ ಏನು ತುಂಬಬೇಕು?

ಫಿಲ್ಟರಿನ ಸಾಮಗ್ರಿಗೆ ಮೂರು ಕೆಲಸ: ತೇಲುವ ಕಸವನ್ನು ಹಿಡಿಯುವುದು, ಬ್ಯಾಕ್ಟೀರಿಯಾಗಳಿಗೆ ಮನೆಯಾಗುವುದು, ನೀರಿನಲ್ಲಿ ಕರಗಿದ ಬಣ್ಣ ವಾಸನೆಗಳನ್ನು ಹೀರಿಕೊಳ್ಳುವುದು. ಒಂದೇ ವಸ್ತು ಮೂರನ್ನೂ ಚೆನ್ನಾಗಿ ಮಾಡುವುದಿಲ್ಲ. ಅಂಗಡಿಯಲ್ಲಿ ಹತ್ತಾರು ಡಬ್ಬಿಗಳನ್ನು ಕಂಡಾಗ "ಇದು ಯಾವ ಕೆಲಸಕ್ಕೆ?" ಎಂದು ಕೇಳಿದರೆ ಅರ್ಧ ದುಡ್ಡು ಉಳಿಯುತ್ತದೆ.

ಸ್ಪಂಜು: ಸಾಮಾನ್ಯ ಕುಟುಂಬದ ತೊಟ್ಟಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. ಕಸವನ್ನೂ ಹಿಡಿಯುತ್ತದೆ, ಬ್ಯಾಕ್ಟೀರಿಯಾಗಳಿಗೂ ಮನೆಯಾಗುತ್ತದೆ. ದೊಡ್ಡ ರಂಧ್ರದ ಸ್ಪಂಜು ಬೇಗ ಕಟ್ಟಿಕೊಳ್ಳುವುದಿಲ್ಲ. ಸಣ್ಣ ರಂಧ್ರದ್ದು ನೀರನ್ನು ಹೆಚ್ಚು ತಿಳಿಯಾಗಿಸುತ್ತದೆ, ಆದರೆ ಬೇಗ ಕಟ್ಟಿಕೊಳ್ಳುತ್ತದೆ. ಅಡುಗೆಮನೆಯ ಸ್ಪಂಜನ್ನು ಬಳಸಬೇಡಿ. ಅವುಗಳಲ್ಲಿ ಕೆಲವಕ್ಕೆ ಕ್ರಿಮಿನಾಶಕ ಸೇರಿಸಿರುತ್ತಾರೆ.

ಬಿಳಿ ಫಿಲ್ಟರ್ ಹತ್ತಿ: ನೋಡಲು ಹತ್ತಿಯಂತಿದ್ದರೂ ಇದು ಪಾಲಿಯೆಸ್ಟರ್ ಎಳೆ. ಅತಿ ಸಣ್ಣ ಧೂಳನ್ನೂ ಹಿಡಿಯುತ್ತದೆ. ಕಟ್ಟಿಕೊಂಡಾಗ ಎಸೆದು ಬೇರೆ ಹಾಕಬಹುದು. ಔಷಧದ ಅಂಗಡಿಯ ನಿಜವಾದ ಹತ್ತಿಯನ್ನು ಬಳಸಿದರೆ ಅದು ನೀರಿನಲ್ಲಿ ಕೊಳೆಯುತ್ತದೆ.

ಸೆರಾಮಿಕ್ ಉಂಗುರಗಳು: ಬ್ಯಾಕ್ಟೀರಿಯಾಗಳ ಮನೆಯಾಗಲೆಂದೇ ಇರುವವು. ಒರಟಾಗಿ, ಸಣ್ಣ ರಂಧ್ರಗಳಿಂದ ಕೂಡಿದ್ದಷ್ಟೂ ಒಳ್ಳೆಯದು. ನುಣುಪಾಗಿ ಮಿನುಗುವ ಉಂಗುರಗಳಿಂದ ಹೆಚ್ಚು ಪ್ರಯೋಜನವಿಲ್ಲ. ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಒಡೆದ ಮಣ್ಣಿನ ಕುಂಡದ ಚೂರುಗಳನ್ನು ಚೆನ್ನಾಗಿ ತೊಳೆದು ಹಾಕಬಹುದು. ಬಣ್ಣ ಬಳಿದ ಕುಂಡ, ಗೊಬ್ಬರ ಔಷಧ ತಾಗಿದ ಕುಂಡ ಬೇಡ. ಬೆಂದಿರದ ಇಟ್ಟಿಗೆಯೂ ಬೇಡ. ಅದು ಕರಗಿ ಕೆಸರಾಗುತ್ತದೆ.

ಬಯೋ ಬಾಲ್: ಮುಳ್ಳುಮುಳ್ಳಾದ ಪ್ಲಾಸ್ಟಿಕ್ ಚೆಂಡುಗಳು. ನೀರು ಮೇಲಿನಿಂದ ಹನಿಹನಿಯಾಗಿ ಸುರಿಯುವ ದೊಡ್ಡ ಫಿಲ್ಟರುಗಳಿಗೆ ಹೇಳಿ ಮಾಡಿಸಿದವು. ನೀರಿನಲ್ಲಿ ಪೂರ್ತಿ ಮುಳುಗಿರುವ ಸಣ್ಣ ಫಿಲ್ಟರಿಗೆ ಸ್ಪಂಜೇ ಮೇಲು.

ಜಿಯೋಲೈಟ್: ಅಮೋನಿಯಾವನ್ನು ಹಿಡಿದಿಟ್ಟುಕೊಳ್ಳುವ ಖನಿಜ. ತುರ್ತಿಗೆ ಒಳ್ಳೆಯದು. ಆದರೆ ಒಂದು ಎಚ್ಚರಿಕೆ: ಮೀನಿಗೆ ಒಳ್ಳೆಯದೆಂದು ತೊಟ್ಟಿಗೆ ಕಲ್ಲುಪ್ಪು ಹಾಕುವ ರೂಢಿ ನಮ್ಮಲ್ಲಿದೆ. ಜಿಯೋಲೈಟ್ ಇರುವಾಗ ಉಪ್ಪು ಬಿದ್ದರೆ, ಉಪ್ಪಿನಲ್ಲಿರುವ ಸೋಡಿಯಂ ಅದರೊಳಗೆ ಸೇರಿಕೊಂಡು, ಹಿಡಿದಿಟ್ಟಿದ್ದ ಅಮೋನಿಯಾವನ್ನು ಒಮ್ಮೆಗೇ ಹೊರದೂಡುತ್ತದೆ. ಎರಡನ್ನೂ ಒಟ್ಟಿಗೆ ಬಳಸಲೇಬೇಡಿ.

ತುಂಬುವ ಕ್ರಮವೂ ಮುಖ್ಯ. ನೀರು ಮೊದಲು ಒರಟು ಸ್ಪಂಜು, ಆಮೇಲೆ ಬಿಳಿ ಹತ್ತಿ, ಆಮೇಲೆ ಉಂಗುರಗಳು, ಕೊನೆಯಲ್ಲಿ ಇದ್ದಿಲು ಬೇಕಿದ್ದರೆ ಇದ್ದಿಲು, ಹೀಗೆ ಹಾಯ್ದುಹೋಗಬೇಕು. ಕಸ ಮೊದಲೇ ನಿಂತರೆ ಉಂಗುರಗಳ ರಂಧ್ರಗಳು ಮುಚ್ಚಿಹೋಗುವುದಿಲ್ಲ. ಫಿಲ್ಟರು ಗಂಟೆಗೆ ತೊಟ್ಟಿಯ ನೀರಿನ 4-5 ಪಟ್ಟು ಹರಿಸುವಂತಿರಲಿ. 56 ಲೀಟರಿನ ತೊಟ್ಟಿಗೆ ಗಂಟೆಗೆ 250ರಿಂದ 300 ಲೀಟರ್ ಸಾಕು. ಡಬ್ಬಿಯ ಮೇಲೆ ಬರೆದ ಲೆಕ್ಕ ಸಾಮಾನ್ಯವಾಗಿ ಖಾಲಿ ಫಿಲ್ಟರಿನದು; ಒಳಗೆ ಸಾಮಗ್ರಿ ತುಂಬಿದ ಮೇಲೆ ಹರಿವು ಕಡಿಮೆಯಾಗುತ್ತದೆ.

ನಮ್ಮ ಪೊಳ್ಳಾಚಿಯ ಕರಟ

ಫಿಲ್ಟರಿನ ಜೊತೆ ಬರುವ ಕರಿಯ ಹರಳುಗಳನ್ನು ನೀವು ನೋಡಿರುತ್ತೀರಿ. ಅದೇ ಆಕ್ಟಿವೇಟೆಡ್ ಕಾರ್ಬನ್, ಚುರುಕುಗೊಳಿಸಿದ ಇದ್ದಿಲು. ಆನೆಮಲೆಯ ತಪ್ಪಲಲ್ಲಿ, ಎತ್ತ ನೋಡಿದರೂ ತೆಂಗಿನ ತೋಟಗಳಿರುವ ಪೊಳ್ಳಾಚಿಯವರಿಗೆ ಇದು ದೂರದ ವಸ್ತುವಲ್ಲ. ಒಳ್ಳೆಯ ಜಾತಿಯ ಆಕ್ಟಿವೇಟೆಡ್ ಕಾರ್ಬನ್ ತಯಾರಾಗುವುದು ತೆಂಗಿನ ಕರಟದಿಂದ. ಕಾಯಿ ಒಡೆದು ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟವನ್ನು ಕಡಿಮೆ ಗಾಳಿಯಲ್ಲಿ ಸುಟ್ಟು ಇದ್ದಿಲು ಮಾಡುತ್ತಾರೆ. ಕಾರ್ಖಾನೆಯಲ್ಲಿ ಆ ಇದ್ದಿಲಿನ ಮೇಲೆ ಸುಮಾರು 800ರಿಂದ 1000 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸುತ್ತಾರೆ. ಆಗ ಅದರೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ. ಒಂದೇ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಹರಡಿದರೆ ಸುಮಾರು 1000 ಚದರ ಮೀಟರ್, ಅಂದರೆ ಕಾಲು ಎಕರೆ ತೋಟ!

ಇದರ ಗುಣ ಜಗತ್ತಿಗೆಲ್ಲ ತಿಳಿದದ್ದು ಮೊದಲ ಮಹಾಯುದ್ಧದಲ್ಲಿ. ವಿಷಾನಿಲದಿಂದ ಸೈನಿಕರನ್ನು ಕಾಪಾಡುವ ಮುಖವಾಡಗಳಿಗೆ ತೆಂಗಿನ ಕರಟದ ಇದ್ದಿಲು ಬೇಕಾಯಿತು. ಕರಟ ಸಾಲದೆ 1918ರಲ್ಲಿ ಅಮೆರಿಕದ ಸರ್ಕಾರ ಪೀಚ್ ಹಣ್ಣಿನ ಓಟೆ, ಅಕ್ರೋಟಿನ ಸಿಪ್ಪೆಗಳನ್ನು ಕೂಡಿಟ್ಟು ಕೊಡಿರೆಂದು ಮನೆಮನೆಗಳನ್ನು ಬೇಡಿಕೊಂಡಿತು.

ಇಷ್ಟು ಕೇಳಿದ ಮೇಲೆ "ಕಾಲು ಎಕರೆ ಜಾಗವಿದ್ದರೆ ಬ್ಯಾಕ್ಟೀರಿಯಾಗಳಿಗೆ ಇದೇ ಅರಮನೆಯಲ್ಲವೇ?" ಎಂದು ನೀವು ಕೇಳಬಹುದು. ಅಲ್ಲ. ಕರಟದ ಇದ್ದಿಲಿನ ರಂಧ್ರಗಳು ಬಹುಪಾಲು 2 ನ್ಯಾನೋಮೀಟರಿಗಿಂತ ಕಿರಿದು. ಒಂದು ಬ್ಯಾಕ್ಟೀರಿಯಾ ಅದರ 500 ಪಟ್ಟು ದೊಡ್ಡದು. ಇರುವೆಯ ಗೂಡಿನ ಬಾಯಿಗೆ ಆನೆ ಬಂದು ನಿಂತಂತೆ! ಹರಳಿನ ಹೊರಮೈಯಲ್ಲಿ ಒಂದಿಷ್ಟು ಬ್ಯಾಕ್ಟೀರಿಯಾ ಅಂಟಿಕೊಳ್ಳಬಹುದು, ಅಷ್ಟೇ. ಇದ್ದಿಲಿನ ಕೆಲಸವೇ ಬೇರೆ: ವಾಸನೆ, ಕ್ಲೋರಿನ್, ಔಷಧದ ಉಳಿಕೆ ಇವನ್ನು ಹೀರುವುದು. ಅಮೋನಿಯಾವನ್ನು ಅದು ಹೆಚ್ಚೇನೂ ಹೀರುವುದಿಲ್ಲ. ಆದ್ದರಿಂದ ಇದ್ದಿಲು ಇದೆಯೆಂದು ಸ್ಪಂಜನ್ನು ಬಿಡಬೇಡಿ. ಸ್ಪಂಜು ಚೆನ್ನಾಗಿದ್ದರೆ ಇದ್ದಿಲು ದಿನನಿತ್ಯ ಬೇಕಾಗಿಯೂ ಇಲ್ಲ.

ಯಾವಾಗ ಬೇಕು? ಮೀನಿಗೆ ಔಷಧ ಕೊಟ್ಟು ಮುಗಿದ ಮೇಲೆ ಉಳಿದ ಔಷಧವನ್ನು ತೆಗೆಯಲು, ನೀರಿಗೆ ವಾಸನೆ ಬಂದಾಗ, ಗೋಡೆಗೆ ಬಳಿದ ಪೇಂಟಿನ ಗಾಟು ತೊಟ್ಟಿಗೆ ತಾಗಿತೆಂಬ ಅನುಮಾನವಿದ್ದಾಗ. ಔಷಧ ಕೊಡುವಾಗ ಮಾತ್ರ ಇದ್ದಿಲನ್ನು ಹೊರಗೆ ತೆಗೆದಿಡಲೇಬೇಕು. ಇಲ್ಲವಾದರೆ ಮೀನಿಗೆ ಸೇರಬೇಕಾದ ಔಷಧವನ್ನು ಅದು ನುಂಗಿಬಿಡುತ್ತದೆ. ಹೊಸ ಇದ್ದಿಲನ್ನು ಕರಿಯ ಧೂಳು ಹೋಗುವವರೆಗೆ ತೊಳೆದು, ನೈಲಾನ್ ಬಲೆಯ ಚೀಲದಲ್ಲಿ ಕಟ್ಟಿ ಇಡಿ. ಮೂರು ನಾಲ್ಕು ವಾರದಲ್ಲಿ ಅದರ ಶಕ್ತಿ ಮುಗಿಯುತ್ತದೆ. ಬಿಸಿಲಿಗೆ ಒಣಹಾಕಿದರೂ, ನೀರಿನಲ್ಲಿ ಕುದಿಸಿದರೂ ಅದು ಮತ್ತೆ ಹೊಸದಾಗುವುದಿಲ್ಲ. ಅದಕ್ಕೆ ಕುಲುಮೆಯ ಶಾಖವೇ ಬೇಕು. ಒಲೆಯ ಇದ್ದಿಲು, ಇಸ್ತ್ರಿ ಪೆಟ್ಟಿಗೆಯ ಇದ್ದಿಲು ಇದಕ್ಕೆ ಬದಲಿಯಲ್ಲ.

ಬೇಕಾದಾಗ ಮಾತ್ರ ಬಳಸಿ ಎನ್ನಲು ಇನ್ನೊಂದು ಕಾರಣವೂ ಉಂಟು. ಪೊಳ್ಳಾಚಿ, ಕಾಂಗೇಯಂ ಸುತ್ತಲಿನ ಹಳ್ಳಿಗಳಲ್ಲಿ ಕರಟ ಸುಡುವ ಗುಂಡಿಗಳ ಹೊಗೆಯ ಬಗ್ಗೆ, ಬೆಂಕಿ ಆರಿಸಲು ಸುರಿದ ನೀರು ಇಂಗಿ ಬಾವಿ ನೀರಿನ ಬಣ್ಣ ಕೆಡುವ ಬಗ್ಗೆ ಜನ ದೂರಿದ್ದಾರೆ. ನಮ್ಮ ತೊಟ್ಟಿಯ ತಿಳಿನೀರಿಗಾಗಿ ಯಾರದೋ ಬಾವಿ ಕಲಕುವುದು ನ್ಯಾಯವೇ? ಒಂದು ಮನೆಯ ಹಿಡಿ ಇದ್ದಿಲಿನಿಂದ ಹೆಚ್ಚೇನೂ ಆಗದಿರಬಹುದು. ಆದರೂ ಬೇಡದ ವಸ್ತುವನ್ನು ಕೊಳ್ಳದಿರುವುದು ಒಳ್ಳೆಯ ಮನೆವಾರ್ತೆಯೇ.

ತೆಂಗಿನ ನಾರಿನ ಬಗ್ಗೆಯೂ ಒಂದು ಮಾತು. ನಾರಿನ ಕೈಗಾರಿಕೆಯ ಊರಿನಲ್ಲಿ ಅದನ್ನೇ ಫಿಲ್ಟರಿಗೆ ತುಂಬಿದರಾಗದೇ ಎಂಬ ಆಸೆ ಸಹಜ. ಹೊಸ ನಾರು ನೀರಿಗೆ ಚಹಾದ ಬಣ್ಣ ಬಿಡುತ್ತದೆ, ಬಿಡಿ ಎಳೆಗಳು ಪಂಪಿನ ಚಕ್ರಕ್ಕೆ ಸುತ್ತಿಕೊಳ್ಳುತ್ತವೆ, ಕಾಲಕ್ರಮದಲ್ಲಿ ಕೊಳೆಯುತ್ತದೆ. ಸಣ್ಣ ತೊಟ್ಟಿಗೆ ಅದು ಬೇಡ.

ನಿಮ್ಮ ಮನೆಯ ನೀರು ಯಾವುದು?

ಸಾಮಗ್ರಿಯನ್ನು ಆರಿಸುವ ಮುನ್ನ ನೀರನ್ನು ತಿಳಿಯಬೇಕು. ಆಳಿಯಾರ್ ಹೊಳೆಯ ನೀರು ಕುಡಿಯುವ ಪೊಳ್ಳಾಚಿಯವರಿಗೂ, ಶಿರುವಾಣಿಯ ನೀರು ಬರುವ ಕೊಯಮತ್ತೂರಿನ ಮನೆಗಳಿಗೂ ಸಿಗುವುದು ಬೆಟ್ಟದ ನೀರು, ಸಾಮಾನ್ಯವಾಗಿ ಮೆದು. ಅದೇ ಬೀದಿಯ ಬೋರ್‌ವೆಲ್ ನೀರು ಬಹುತೇಕ ಗಡಸು. ಪಾತ್ರೆಯ ತಳದಲ್ಲಿ ಬಿಳಿ ಹೆಪ್ಪಳೆ ಕಟ್ಟುವುದೇ ಅದರ ಗುರುತು.

ನಮ್ಮ ಬ್ಯಾಕ್ಟೀರಿಯಾಗಳು ಕೆಲಸ ಮಾಡಿದಷ್ಟೂ ನೀರಿನಲ್ಲಿ ಹುಳಿ, ಅಂದರೆ ಆಮ್ಲ, ಹುಟ್ಟುತ್ತದೆ. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಅದನ್ನು ಸರಿದೂಗಿಸುತ್ತದೆ. ಮೆದು ನೀರಿನಲ್ಲಿ ಆ ಆಧಾರ ಕಡಿಮೆ. ತಿಂಗಳುಗಟ್ಟಲೆ ನೀರು ಬದಲಾಯಿಸದಿದ್ದರೆ ಹುಳಿ ಏರಿ, ಕೊನೆಗೆ ಬ್ಯಾಕ್ಟೀರಿಯಾಗಳ ಕೆಲಸವೇ ನಿಧಾನವಾಗುತ್ತದೆ. ಮೆದು ನೀರಿನ ಮನೆಯವರು ಸಮುದ್ರದ ಚಿಪ್ಪಿನ ಚೂರುಗಳನ್ನು ಒಂದು ಸಣ್ಣ ಹಿಡಿಯಷ್ಟು ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಟ್ಟರೆ ಅದು ನಿಧಾನವಾಗಿ ಕರಗಿ ಆಧಾರ ಕೊಡುತ್ತದೆ. ಗಡಸು ನೀರಿನವರಿಗೆ ಇದು ಬೇಡವೇ ಬೇಡ. ಹೊಳೆಯ ಕಲ್ಲು, ಜಲ್ಲಿ ಹಾಕುವ ಮುನ್ನ ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ ಎಂದರ್ಥ.

ಗಡಸು ನೀರಿನವರಿಗೆ ಬೇರೆ ಎಚ್ಚರಿಕೆ. ಆ ನೀರು ಬಹಳ ಸಲ ಕ್ಷಾರೀಯವಾಗಿರುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಕಡುವಿಷದ ರೂಪದಲ್ಲಿರುವುದು ಶೇ. 1ಕ್ಕಿಂತ ಕಡಿಮೆ; ಪಿಎಚ್ 8 ಆದರೆ ಅದು ಶೇ. 5ರಷ್ಟಾಗುತ್ತದೆ. ಅಷ್ಟೇ ಮೀನು, ಅಷ್ಟೇ ಆಹಾರ ಇದ್ದರೂ ವಿಷ ಹಲವು ಪಟ್ಟು. ಹಾಗಾಗಿ ಬೋರ್‌ವೆಲ್ ನೀರಿನ ಮನೆಗಳಲ್ಲಿ ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನು ಇನ್ನೂ ಜೋಪಾನವಾಗಿ ಉಳಿಸಿಕೊಳ್ಳಬೇಕು. ಗಡಸಿಗೆ ಹೆದರಿ ಬರೀ ಆರ್.ಓ. ಯಂತ್ರದ ನೀರನ್ನೇ ತುಂಬಿಸಬೇಡಿ. ಮೀನಿಗೆ ಬೇಕಾದ ಲವಣಗಳೂ ಅದರಲ್ಲಿ ಉಳಿದಿರುವುದಿಲ್ಲ.

ತೊಳೆಯುವ ಬಗೆ

ಹಾಗಾದರೆ ತೊಳೆಯಲೇ ಬಾರದೇ? ತೊಳೆಯಬೇಕು. ತೀರಾ ಕಟ್ಟಿಕೊಂಡ ಸ್ಪಂಜಿನೊಳಗೆ ನೀರು ಹರಿಯುವುದಿಲ್ಲ, ಆಮ್ಲಜನಕ ಸಿಗದೆ ಅದೇ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಮನೆಯ ಕಸ ಗುಡಿಸಬೇಕು. ಕಸದ ಜೊತೆ ಮನೆಮಂದಿಯನ್ನೂ ಹೊರಗೆ ಹಾಕಬಾರದು, ಅಷ್ಟೇ.

ವಾರಕ್ಕೊಮ್ಮೆ ತೊಟ್ಟಿಯ ನೀರಿನ ಐದನೇ ಒಂದು ಭಾಗದಿಂದ ಕಾಲುಭಾಗದವರೆಗೆ ಬಕೆಟ್ಟಿಗೆ ತೆಗೆಯಿರಿ. ಫಿಲ್ಟರಿನ ಹರಿವು ಕಡಿಮೆಯಾಗಿದ್ದರೆ ಸ್ಪಂಜನ್ನು ಆ ಬಕೆಟ್ಟಿನ ನೀರಿನಲ್ಲೇ ಎರಡು ಮೂರು ಸಲ ಮೆಲ್ಲಗೆ ಹಿಂಡಿ ತೆಗೆಯಿರಿ. ಕೆಸರು ಬಿಟ್ಟರೆ ಸಾಕು. ಬಣ್ಣ ಕಂದಾಗಿಯೇ ಇರಲಿ. ಆ ಕೊಳೆನೀರನ್ನು ಚರಂಡಿಗೆ ಚೆಲ್ಲದೆ ಕರಿಬೇವಿನ ಗಿಡಕ್ಕೋ ಗುಲಾಬಿಗೋ ಹಾಕಿ, ಗಿಡ ಚಿಗುರುವುದನ್ನು ಮಕ್ಕಳಿಗೆ ತೋರಿಸಿ.

ನಲ್ಲಿಯ ನೀರಿನಲ್ಲಿ ಸ್ಪಂಜು ತೊಳೆಯಬೇಡಿ. ನಮ್ಮನ್ನು ಕಾಲರಾದಿಂದ ಕಾಯುವ ಕ್ಲೋರಿನ್ನಿಗೆ ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಎಂಬ ಭೇದ ಗೊತ್ತಿಲ್ಲ. ತೊಟ್ಟಿಗೆ ತುಂಬುವ ಹೊಸ ನೀರನ್ನೂ ಬಾಯಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಹಾಕಿ. ಆತುರವಿದ್ದರೆ ಅಂಗಡಿಯಲ್ಲಿ ಕ್ಲೋರಿನ್ ತೆಗೆಯಲೆಂದು ಮಾರುವ ಸೋಡಿಯಂ ಥಯೋಸಲ್ಫೇಟನ್ನು ಹೇಳಿದಷ್ಟೇ ಪ್ರಮಾಣದಲ್ಲಿ ಬಳಸಬಹುದು.

ಎಲ್ಲವನ್ನೂ ಒಂದೇ ದಿನ ತೊಳೆಯಬೇಡಿ. ಈ ವಾರ ಸ್ಪಂಜು. ತೊಟ್ಟಿಯ ತಳದ ಕಲ್ಲು ಮುಂದಿನ ವಾರ. ಉಂಗುರಗಳನ್ನು ಕೆಲವು ತಿಂಗಳಿಗೊಮ್ಮೆ, ಅದೂ ಅರ್ಧದಷ್ಟನ್ನು ಮಾತ್ರ, ತೊಟ್ಟಿಯ ನೀರಿನಲ್ಲಿ ಅಲುಗಾಡಿಸಿ ತೆಗೆದರೆ ಸಾಕು. ಅವು ಒಡೆದು ಪುಡಿಯಾಗುವವರೆಗೆ ಬದಲಾಯಿಸುವ ಅಗತ್ಯವೇ ಇಲ್ಲ. ಸ್ಪಂಜು ಹಳತಾಗಿ ಲೊಡ್ಡಾದರೆ ಹೊಸದನ್ನು ಹಳೆಯದರ ಪಕ್ಕದಲ್ಲಿ ಒಂದು ತಿಂಗಳು ಇಟ್ಟು, ಬ್ಯಾಕ್ಟೀರಿಯಾ ನೆಲೆಸಿದ ಮೇಲೆ ಹಳೆಯದನ್ನು ತೆಗೆಯಿರಿ. "ತಿಂಗಳಿಗೊಮ್ಮೆ ಎಲ್ಲವನ್ನೂ ಹೊಸದಾಗಿ ಹಾಕಿ" ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಅದು ಮೀನಿಗಿಂತ ವ್ಯಾಪಾರಕ್ಕೆ ಹಿತವಾದ ಸಲಹೆ.

ಕರೆಂಟ್ ಹೋದಾಗ

2012ರ ಸುಮಾರಿಗೆ ತಮಿಳುನಾಡಿನ ಊರುಗಳಲ್ಲಿ ದಿನಕ್ಕೆ ಹತ್ತು ಗಂಟೆಗೂ ಮೀರಿ ವಿದ್ಯುತ್ ಕಡಿತವಿದ್ದದ್ದನ್ನು ಈ ಕಡೆಯವರು ಮರೆತಿಲ್ಲ. ಈಗ ಅಷ್ಟಿಲ್ಲದಿದ್ದರೂ ಮಳೆಗಾಳಿಗೆ ಕರೆಂಟ್ ಹೋಗುವುದು ತಪ್ಪಿಲ್ಲ. ಫಿಲ್ಟರು ನಿಂತಾಗ ಒಳಗಿನ ಬ್ಯಾಕ್ಟೀರಿಯಾಗಳು ಅಲ್ಲಿರುವ ಆಮ್ಲಜನಕವನ್ನು ಬೇಗ ಮುಗಿಸಿಬಿಡುತ್ತವೆ. ಮುಚ್ಚಿದ ಡಬ್ಬಿಯಂತಹ ಫಿಲ್ಟರಿನಲ್ಲಿ ಈ ತೊಂದರೆ ಹೆಚ್ಚು. ಹಲವು ಗಂಟೆ ನಿಂತಿದ್ದರೆ, ಮತ್ತೆ ಓಡಿಸುವ ಮುನ್ನ ಅದನ್ನು ತೆರೆದು ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗಿನ ನೀರನ್ನು ಚೆಲ್ಲಿ, ಸಾಮಗ್ರಿಯನ್ನು ತೊಟ್ಟಿಯ ನೀರಿನಲ್ಲಿ ಅಲುಬಿ, ಆಮೇಲೆ ಓಡಿಸಿ. ಆ ದಿನ ಮೀನಿಗೆ ಉಪವಾಸ. ಮರುದಿನವೂ ಅರ್ಧ ಊಟ ಸಾಕು.

ಕರೆಂಟ್ ಪದೇಪದೇ ಹೋಗುವ ಊರಿನವರಿಗೆ ಗಾಳಿಯ ಪಂಪಿನಿಂದ ಓಡುವ ಸಾದಾ ಸ್ಪಂಜು ಫಿಲ್ಟರೇ ಒಳ್ಳೆಯದು. ಬ್ಯಾಟರಿಯ ಸಣ್ಣ ಪಂಪನ್ನು ಅದರ ಕೊಳವೆಗೆ ಸಿಕ್ಕಿಸಿದರೆ ಸಾಕು, ಮೀನಿಗೂ ಬ್ಯಾಕ್ಟೀರಿಯಾಗಳಿಗೂ ಒಟ್ಟಿಗೇ ಉಸಿರು.

ಬೇಸತ್ತು ಕಾಲುವೆಗೆ ಬಿಡಬೇಡಿ

ಇಷ್ಟೆಲ್ಲ ಆದ ಮೇಲೂ ಕೆಲವು ಮನೆಗಳಿಗೆ ತೊಟ್ಟಿ ಸಾಕಾಗುತ್ತದೆ. ಆಗ "ಪಾಪ, ಬದುಕಿಕೊಳ್ಳಲಿ" ಎಂದು ಮೀನನ್ನು ಕೆರೆಗೋ ಪರಂಬಿಕುಳಂ-ಆಳಿಯಾರ್ ಕಾಲುವೆಗೋ ಬಿಡುವುದುಂಟು. ಇದು ಕರುಣೆಯಲ್ಲ. ತೊಟ್ಟಿಯ ಪಾಚಿ ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ಹೊರಬಿದ್ದು ತಮಿಳುನಾಡು, ಕೇರಳ, ಆಂಧ್ರದ ನೀರುಗಳಲ್ಲಿ ಹಬ್ಬಿ, ನಮ್ಮ ನಾಡಿನ ಮೀನುಗಳ ಅನ್ನ ಕಸಿಯುತ್ತಿದೆ, ಮೀನುಗಾರರ ಬಲೆ ಹರಿಯುತ್ತಿದೆ. ಮೀನನ್ನು ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಅಕ್ಕರೆಯಿರುವ ಇನ್ನೊಂದು ಮನೆಗೆ ಕೊಡಿ. ಜೊತೆಗೆ ಆ ಕಂದು ಸ್ಪಂಜನ್ನೂ ತೊಳೆಯದೆ ಕೊಡಿ. ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಇಲ್ಲ.

ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳಲು

* ಹೊಸ ತೊಟ್ಟಿಗೆ 4ರಿಂದ 6 ವಾರ ತಾಳ್ಮೆ. ಮೊದಲು ಎರಡೇ ಮೀನು.
* ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಸೋಪು, ನಲ್ಲಿ ನೀರು ಬೇಡ.
* ಸ್ಪಂಜು, ಕಲ್ಲು, ಉಂಗುರ ಎಲ್ಲವನ್ನೂ ಒಂದೇ ದಿನ ಮುಟ್ಟಬೇಡಿ.
* ಇದ್ದಿಲು ಬೇಕಾದಾಗ ಮಾತ್ರ; ಔಷಧ ಕೊಡುವಾಗ ಹೊರಗೆ.
* ಜಿಯೋಲೈಟ್ ಇದ್ದರೆ ಉಪ್ಪಿಲ್ಲ. ಉಪ್ಪಿದ್ದರೆ ಜಿಯೋಲೈಟ್ ಇಲ್ಲ.
* ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ.

ತೊಟ್ಟಿಯ ಜವಾಬ್ದಾರಿಯನ್ನು ಮಗುವಿಗೇ ಕೊಡಿ. ಎಂಟು ಹತ್ತು ವರ್ಷದ ಮಗು ವಾರಕ್ಕೊಮ್ಮೆ ಬಕೆಟ್ಟು ಹಿಡಿದು ಈ ಕೆಲಸವನ್ನು ನಿಮ್ಮ ಜೊತೆ ನಿಂತು ಮಾಡಬಲ್ಲದು. ಕೊಳೆಯೆಂದು ಕಂಡದ್ದೆಲ್ಲ ಕೊಳೆಯಲ್ಲ, ಕಾಣದ ಜೀವಿಗಳ ಆಸರೆಯಲ್ಲಿ ಕಾಣುವ ಜೀವಿಗಳು ಬದುಕುತ್ತವೆ ಎಂಬುದನ್ನು ಪುಸ್ತಕಕ್ಕಿಂತ ಚೆನ್ನಾಗಿ ಆ ಸ್ಪಂಜು ಕಲಿಸುತ್ತದೆ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲಕ್ಕೆ ಮುನ್ನ ಮನೆಯ ನೀರಿನ ಟ್ಯಾಂಕನ್ನು ಶುಚಿಮಾಡುವ ಬಗ್ಗೆ ಮಾತಾಡೋಣ. ಅದನ್ನು ಮಾತ್ರ ಚೆನ್ನಾಗಿ ಉಜ್ಜಿ ತೊಳೆಯಬೇಕು!